ಉಪವಾಸದ ತಟ್ಟೆಯಲ್ಲಿ ದಕ್ಷಿಣ ಅಮೆರಿಕ

ಶಿವರಾತ್ರಿಯ ದಿನ ಹಾವೇರಿಯ ಯಾವುದಾದರೂ ಮನೆಯ ಅಡುಗೆಕೋಣೆಯಲ್ಲಿ ಇಣುಕಿ ನೋಡಿ. ಅನ್ನವಿಲ್ಲ, ರೊಟ್ಟಿಯಿಲ್ಲ; ಉಪವಾಸ. ಒಲೆಯ ಮೇಲೆ ಸಾಬೂದಾಣಿ ಖಿಚಡಿ. ನೆನೆಸಿಟ್ಟ ಸಾಬೂದಾಣಿ, ಬೇಯಿಸಿ ಹೆಚ್ಚಿದ ಆಲೂಗಡ್ಡೆ, ಹುರಿದು ಕುಟ್ಟಿದ ಶೇಂಗಾ, ನಾಲ್ಕು ಹಸಿಮೆಣಸಿನಕಾಯಿ, ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ. ಅಜ್ಜಿ ಮಾಡುತ್ತಿದ್ದುದು ಹೀಗೆಯೇ. ಇದಕ್ಕಿಂತ ಮಡಿಯ ಅಡುಗೆ, ಇದಕ್ಕಿಂತ ಹಳೆಯ ಪದ್ಧತಿ ಬೇರೊಂದಿಲ್ಲ ಎಂಬುದು ಮನೆಮಂದಿಯ ನಂಬಿಕೆ. ಆದರೆ ತುಪ್ಪವನ್ನೂ ಜೀರಿಗೆಯನ್ನೂ ಪಕ್ಕಕ್ಕಿಟ್ಟರೆ, ಆ ಬಾಣಲೆಯಲ್ಲಿ ಉಳಿಯುವುದೆಲ್ಲವೂ ಅಟ್ಲಾಂಟಿಕ್ ಸಾಗರದ ಆಚೆಯ ದಡದಿಂದ ಬಂದದ್ದು!

ಸಾಬೂದಾಣಿ ಹೊಲದಲ್ಲಿ ಬೆಳೆಯುವ ಕಾಳಲ್ಲ. ತಮಿಳುನಾಡಿನ ಸೇಲಂ ಸುತ್ತಿನ ಕಾರ್ಖಾನೆಗಳಲ್ಲಿ ಮರಗೆಣಸಿನ ಗಡ್ಡೆಯನ್ನು ಅರೆದು, ತಳದಲ್ಲಿ ನಿಂತ ಪಿಷ್ಟವನ್ನು ಗುಂಡಗೆ ಉರುಳಿಸಿ ಮಾಡುವ ಮಣಿ ಅದು. ಮರಗೆಣಸಿನ ತವರು ಬ್ರೆಜಿಲ್ ದೇಶದ ಅಮೆಜಾನ್ ಕಾಡಿನ ದಕ್ಷಿಣದ ಅಂಚು. ಆಲೂಗಡ್ಡೆಯನ್ನು ಮೊದಲು ಪಳಗಿಸಿದವರು ಪೆರು ಮತ್ತು ಬೊಲಿವಿಯ ದೇಶಗಳ ನಡುವೆ, ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ಸುತ್ತಿನ ರೈತರು. ಅದು ಏಳೆಂಟು ಸಾವಿರ ವರ್ಷಗಳ ಹಿಂದಿನ ಮಾತು. ಶೇಂಗಾ ಹುಟ್ಟಿದ್ದು ಬೊಲಿವಿಯ, ಅರ್ಜೆಂಟೀನ ದೇಶಗಳ ಗಡಿಯ ಬೆಟ್ಟದ ತಪ್ಪಲಲ್ಲಿ. 1987ರಲ್ಲಿ ಪೆರುವಿನ ಸಿಪಾನ್ ಎಂಬಲ್ಲಿ ವಾಲ್ಟರ್ ಆಲ್ವಾ ಎಂಬ ಪುರಾತತ್ತ್ವಜ್ಞರು ಸುಮಾರು 1,700 ವರ್ಷ ಹಳೆಯ ಅರಸನೊಬ್ಬನ ಸಮಾಧಿಯನ್ನು ಅಗೆದು ತೆಗೆದರು. ಅಲ್ಲಿ ಸಿಕ್ಕ ಒಡವೆಗಳಲ್ಲಿ ಒಂದು ಸರವಿತ್ತು. ಅದರಲ್ಲಿ ಮಣಿಗಳ ಬದಲು ಹತ್ತು ಚಿನ್ನದ ಶೇಂಗಾಕಾಯಿ, ಹತ್ತು ಬೆಳ್ಳಿಯ ಶೇಂಗಾಕಾಯಿ! ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯವರು ಈ ಶೇಂಗಾ ಹಾರವನ್ನು ಮೆಚ್ಚದೆ ಇರಲಾರರು.

ಇನ್ನು ಮೆಣಸಿನಕಾಯಿ. ಅದರ ಕುಲದ ಮೂಲ ದಕ್ಷಿಣ ಅಮೆರಿಕವಾದರೂ, ಬ್ಯಾಡಗಿಯದೂ ಸೇರಿ ಇಲ್ಲಿ ಬೆಳೆಯುವ ಬಹುಪಾಲು ತಳಿಗಳ ಪೂರ್ವಜರನ್ನು ಹಿತ್ತಲಿಗೆ ತಂದು ಬೆಳೆಸಿದವರು ಮೆಕ್ಸಿಕೋದ ಜನ. ಕೊಲಂಬಸ್ 1493ರಲ್ಲಿ ಅದನ್ನು ಸ್ಪೇನ್ ದೇಶಕ್ಕೆ ಒಯ್ದ. ಅವನು ಹುಡುಕಿಕೊಂಡು ಹೊರಟದ್ದು ಕರಿಮೆಣಸು, ಸಿಕ್ಕಿದ್ದು ಇದು. ಸ್ಪೇನಿನವರು ಕರಿಮೆಣಸಿಗಿದ್ದ 'ಪಿಮಿಯೆಂತಾ' ಎಂಬ ಹೆಸರನ್ನೇ ತುಸು ತಿರುಚಿ ಈ ಹೊಸ ಕಾಯಿಗೆ 'ಪಿಮಿಯೆಂತೊ' ಎಂದರು. ಸಾವಿರಾರು ಮೈಲಿ ದೂರದಲ್ಲಿ ಕನ್ನಡಿಗರು ಮಾಡಿದ್ದೂ ಅದನ್ನೇ. ಮೆಣಸಿನಂತೆ ಖಾರವಿರುವ ಕಾಯಿ ಎಂದು 'ಮೆಣಸಿನಕಾಯಿ' ಎಂದರು. ಕಾಲ ಕಳೆದಂತೆ ಹೊಸಬನೇ ಮನೆಯ ಯಜಮಾನನಾಗಿ, ಹಳೆಯ ಮೆಣಸು 'ಕಾಳುಮೆಣಸು' ಎಂಬ ವಿಶೇಷಣ ಹೊತ್ತು ಮೂಲೆಗೆ ಸರಿಯಿತು. ಧಾರವಾಡ, ಬೆಳಗಾವಿ ಕಡೆಯ 'ಬಟಾಟಿ' ಕೂಡ ಪೋರ್ಚುಗೀಸರ 'ಬಟಾಟ'ದ ಮಗಳೇ.

ಪೋರ್ಚುಗೀಸರು ಬ್ರೆಜಿಲ್ ತೀರ ಮುಟ್ಟಿದ್ದು 1500ರಲ್ಲಿ, ಗೋವೆಯನ್ನು ಗೆದ್ದದ್ದು 1510ರಲ್ಲಿ. ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿ ನೆಲೆಸಿದ ಕನಕದಾಸರು ಹುಟ್ಟಿದ್ದು 1509ರಲ್ಲಿ ಎಂಬುದು ರೂಢಿಯ ಲೆಕ್ಕ. ಅಂದರೆ ಕನಕದಾಸರ ಬಾಲ್ಯಕ್ಕೂ ಗೋವೆಯ ಬಂದರಿನಲ್ಲಿ ಹೊಸ ಲೋಕದ ಕಾಯಿಪಲ್ಲೆ ಇಳಿಯತೊಡಗಿದ್ದಕ್ಕೂ ಹೆಚ್ಚು ಅಂತರವಿಲ್ಲ. ಬ್ಯಾಡಗಿಗೆ ಇಷ್ಟು ಹೆಸರು ತಂದ ಮೆಣಸಿನಕಾಯಿ ಕನಕದಾಸರ ಅಜ್ಜನಿಗೆ ಗೊತ್ತಿರಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ.

ಹೀಗೆ ಬಂದ ಬೆಳೆಗಳ ಜೊತೆ ಅಡುಗೆಯ ಪುಸ್ತಕ ಬರಲಿಲ್ಲ, ಬಾಣಸಿಗನೂ ಬರಲಿಲ್ಲ. ಇದನ್ನು ಹೇಗೆ ತಿನ್ನಬೇಕು, ಎಷ್ಟು ಹಾಕಬೇಕು, ಯಾವುದರ ಜೊತೆ ಹೊಂದುತ್ತದೆ ಎಂದು ಹೇಳಿಕೊಟ್ಟವರಿಲ್ಲ. ಅದನ್ನೆಲ್ಲ ಕಂಡುಹಿಡಿದವರು ಈ ಊರುಗಳ ಹೆಣ್ಣುಮಕ್ಕಳು. ಹಣ್ಣು ಮೆಣಸಿನಕಾಯಿಯನ್ನು ಉಪ್ಪು, ಹುಳಿ, ಬೆಳ್ಳುಳ್ಳಿಯ ಜೊತೆ ಅರೆದು ವರ್ಷವಿಡೀ ಇಡುವ ರಂಜಕ; ಒಣಗಿದ ಕಾಯಿಯ ಪುಡಿಯನ್ನು ಹುರಿದ ಶೇಂಗಾದ ಜೊತೆ ಕುಟ್ಟಿದ ಚಟ್ನಿಪುಡಿ; ಎಳೆಯ ಬದನೆಕಾಯಿಯ ಹೊಟ್ಟೆಗೆ ಅದೇ ಶೇಂಗಾಪುಡಿ ತುಂಬಿದ ಎಣ್ಣೆಗಾಯಿ; ಮಂಡಕ್ಕಿಯ ಪಕ್ಕಕ್ಕೆ ಮೆಣಸಿನಕಾಯಿ ಬಜಿ. ದಕ್ಷಿಣ ಅಮೆರಿಕದ ಒಂದು ಬೆಳೆ, ಮೆಕ್ಸಿಕೋದ ಇನ್ನೊಂದು ಬೆಳೆ, ಇಲ್ಲಿಯ ಜೋಳದ ರೊಟ್ಟಿಯ ಪಕ್ಕದಲ್ಲಿ ಕುಳಿತು ಒಂದೇ ಮನೆಯ ಮಕ್ಕಳಾದವು. ಯಾವ ಹೆಸರಾಂತ ಷೆಫ್‌ನಿಂದಲೂ ಇಷ್ಟು ದೊಡ್ಡ ಕೆಲಸ ಆಗಿಲ್ಲ. ಆದರೆ ಈ ಹೆಣ್ಣುಮಕ್ಕಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಈಗ ಮಹಾನಗರದ ಮಾತು. ದಕ್ಷಿಣ ಅಮೆರಿಕದ ಅಡುಗೆಯನ್ನು ಜಗತ್ತಿನ ದೊಡ್ಡ ನಗರಗಳ ಮೇಜಿಗೆ ಏರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಗಾಸ್ತೋನ್ ಅಕುರಿಯೊ. ಪೆರುವಿನ ರಾಜಧಾನಿ ಲಿಮಾದಲ್ಲಿ 1967ರಲ್ಲಿ ಹುಟ್ಟಿದವರು. ತಂದೆ ರಾಜಕಾರಣಿ, ಸೆನೆಟ್ ಸದಸ್ಯರಾಗಿದ್ದವರು, ಮಂತ್ರಿಯೂ ಆಗಿದ್ದವರು. ಮಗ ವಕೀಲನಾಗಬೇಕು, ಆಮೇಲೆ ತನ್ನ ಹಾದಿಯಲ್ಲೇ ನಡೆಯಬೇಕು ಎಂದು ತಂದೆಯ ಆಸೆ. ಕಾನೂನು ಓದಲೆಂದು ಸ್ಪೇನಿನ ಮ್ಯಾಡ್ರಿಡ್‌ಗೆ ಕಳಿಸಿದರು. ಮಗ ಅಲ್ಲಿ ಕಾನೂನಿನ ತರಗತಿ ಬಿಟ್ಟು, ಮನೆಗೆ ತಿಳಿಸದೆ ಅಡುಗೆ ಶಾಲೆ ಸೇರಿದ. ತಂದೆಗೆ ವಿಷಯ ತಿಳಿದಾಗ ಮನೆಯಲ್ಲಿ ಏನಾಗಿರಬಹುದೆಂಬುದನ್ನು ರಾಣೆಬೆನ್ನೂರಿನ ಪಾಲಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಪ್ಯಾರಿಸ್ಸಿನ ಪ್ರಸಿದ್ಧ ಕೊರ್ಡಾನ್ ಬ್ಲೂ ಶಾಲೆಯಲ್ಲಿ ಫ್ರೆಂಚ್ ಅಡುಗೆ ಕಲಿತ. ಅಲ್ಲಿಯೇ ಜರ್ಮನಿಯ ಆಸ್ಟ್ರಿಡ್ ಎಂಬ ಸಹಪಾಠಿಯ ಪರಿಚಯವಾಗಿ, ಇಬ್ಬರೂ ಮದುವೆಯಾಗಿ ಲಿಮಾಕ್ಕೆ ಮರಳಿದರು.

ಆಗಿನ ಪೆರು ಯಾರೂ ಹೋಟೆಲು ತೆರೆಯುವಂಥ ದೇಶವಾಗಿರಲಿಲ್ಲ. 'ಹೊಳೆಯುವ ಹಾದಿ' ಎಂಬ ಹೆಸರಿನ ಉಗ್ರಗಾಮಿಗಳ ಹಾವಳಿ, ಬೆಲೆಯೇರಿಕೆಯ ಬೆಂಕಿ. ಲಿಮಾದ ಮಿರಾಫ್ಲೋರೆಸ್ ಎಂಬ ಶ್ರೀಮಂತ ಬಡಾವಣೆಯಲ್ಲಿಯೇ 1992ರ ಜುಲೈನಲ್ಲಿ ಕಾರುಬಾಂಬು ಸಿಡಿದು ಜನ ಸತ್ತಿದ್ದರು. ಅದೇ ಬಡಾವಣೆಯಲ್ಲಿ 1994ರಲ್ಲಿ ಈ ದಂಪತಿ ಬಂಧುಬಳಗದಿಂದ ಹಣ ಕೂಡಿಸಿ 'ಆಸ್ಟ್ರಿಡ್ ಇ ಗಾಸ್ತೋನ್' ಎಂಬ ಊಟದ ಮನೆ ತೆರೆದರು.

ಬಡಿಸಿದ್ದು ಫ್ರೆಂಚ್ ಅಡುಗೆಯನ್ನು. ಇದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಊರಿನ ದೊಡ್ಡವರಿಗೆ ಬೇಕಾಗಿದ್ದದ್ದು ಅದೇ. ಬೆಟ್ಟದ ಜನ ತಿನ್ನುವ ಕೀನ್ವಾ, ಬೀದಿಯಲ್ಲಿ ಕಡ್ಡಿಗೆ ಚುಚ್ಚಿ ಸುಡುವ ಖಾರದ ಮಾಂಸ, ಬಣ್ಣಬಣ್ಣದ ಆಲೂಗಡ್ಡೆ ಇವೆಲ್ಲ ಬಡವರ ಊಟ, ಬಿಳಿ ಹಾಸಿನ ಮೇಜಿಗೆ ಬರತಕ್ಕವಲ್ಲ ಎಂಬ ಭಾವನೆ. ಕೆಲವು ವರ್ಷ ಕಳೆದ ಮೇಲೆ ಅಕುರಿಯೊ ಅವರಿಗೆ ಅನಿಸತೊಡಗಿತು: ಪ್ಯಾರಿಸ್ಸಿನಲ್ಲಿ ತನಗಿಂತ ಚೆನ್ನಾಗಿ ಫ್ರೆಂಚ್ ಅಡುಗೆ ಮಾಡುವವರು ಸಾವಿರ ಜನರಿದ್ದಾರೆ, ಇಲ್ಲಿ ಮನೆ ಬಾಗಿಲಲ್ಲಿ ಇರುವುದನ್ನು ಮಾಡುವವರು ಯಾರು? ಬೆಣ್ಣೆ, ಕೆನೆಗಳು ಒಂದೊಂದಾಗಿ ಹಿಂದೆ ಸರಿದು, ಪೆರುವಿನ ಮೆಣಸಿನಕಾಯಿ, ಗಡ್ಡೆ, ಮೀನು ಮುಂದೆ ಬಂದವು.

ಕನಕದಾಸರ 'ರಾಮಧಾನ್ಯ ಚರಿತೆ'ಯನ್ನು ಓದಿದವರಿಗೆ ಈ ಕಥೆ ಹೊಸದೆನಿಸದು. ಅಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ. ಉಳ್ಳವರ ಅನ್ನವಾದ ಭತ್ತಕ್ಕೆ ತನ್ನ ಕುಲದ ಹೆಮ್ಮೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸಿದ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು, ರಾಗಿ ಹಾಗೆಯೇ ಗಟ್ಟಿಯಾಗಿತ್ತು. ಲಿಮಾದಲ್ಲಿ ನಡೆದದ್ದೂ ಇಂಥದೇ ಒಂದು ವ್ಯಾಜ್ಯ. ವಿಶ್ವಸಂಸ್ಥೆ 2013ನ್ನು ಕೀನ್ವಾ ವರ್ಷವೆಂದು ಸಾರಿತು, 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬಡವರ ಕಾಳಿಗೆ ಮಾನ ಸಿಗಲು ಎರಡು ಖಂಡಗಳಲ್ಲೂ ತಡವಾಯಿತು.

2008ರಲ್ಲಿ ಅಕುರಿಯೊ ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ 'ಲಾ ಮಾರ್' ಎಂಬ ಹೋಟೆಲು ತೆರೆದು ಸೆವಿಚೆ ಬಡಿಸಿದರು. ಹಸಿ ಮೀನಿನ ತುಂಡುಗಳಿಗೆ ಲಿಂಬೆಹುಳಿ, ಉಪ್ಪು, ಈರುಳ್ಳಿ, ಮೆಣಸಿನಕಾಯಿ ಬೆರೆಸುವ ಅಡುಗೆ ಇದು. ಬೆಂಕಿಯ ಕೆಲಸವನ್ನು ಲಿಂಬೆಯ ಹುಳಿಯೇ ಮಾಡುತ್ತದೆ. ಈ ಲಿಂಬೆ, ಈರುಳ್ಳಿ ಎರಡೂ ಏಷ್ಯಾದಿಂದ ಆ ಕಡೆಗೆ ಹೋದವು. ಮೆಣಸಿನಕಾಯಿ ಈ ಕಡೆಗೆ ಬಂದಿತು, ಲೆಕ್ಕ ಸಮವಾಯಿತೆನ್ನಬಹುದು! 2023ರಲ್ಲಿ ಯುನೆಸ್ಕೊ ಸೆವಿಚೆಯನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗತ್ತಿನ ಅತ್ಯುತ್ತಮ 50 ಹೋಟೆಲುಗಳ ಪಟ್ಟಿಯಲ್ಲಿ 2023ರಲ್ಲಿ ಮೊದಲ ಸ್ಥಾನ ಪಡೆದದ್ದು ಲಿಮಾದ 'ಸೆಂಟ್ರಲ್'. 2025ರಲ್ಲಿ ಮೊದಲ ಸ್ಥಾನ ಪಡೆದದ್ದೂ ಅದೇ ಊರಿನ 'ಮೈದೊ'. ಇಂಥ ಪಟ್ಟಿಗಳನ್ನು ಪರೀಕ್ಷೆಯ ರ‍್ಯಾಂಕಿನಷ್ಟೇ ಎಚ್ಚರಿಕೆಯಿಂದ ನೋಡಬೇಕು, ನಿಜ. ಆದರೂ ಬಾಂಬು ಸಿಡಿಯುತ್ತಿದ್ದ ಊರಿಗೆ ಊಟಕ್ಕೆಂದೇ ಜನ ವಿಮಾನ ಹತ್ತಿ ಬರುವಂತಾಯಿತು.

ಅಡುಗೆಯಲ್ಲಿ ಆಸಕ್ತಿಯಿರುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪೆರುವಿನ ಬಾಣಸಿಗರು ಬರೀ 'ಮೆಣಸಿನಕಾಯಿ' ಎನ್ನುವುದಿಲ್ಲ. ಹಳದಿ ಬಣ್ಣದ್ದು ಅಹಿ ಅಮರಿಯೊ. ಕಪ್ಪು ಬೀಜದ, ದಪ್ಪ ತೊಗಲಿನದು ರೊಕೋತೊ. ಒಣಗಿಸಿದ ಕಡುಗೆಂಪಿನದು ಅಹಿ ಪಾಂಕಾ. ಒಂದರ ಕೆಲಸಕ್ಕೆ ಇನ್ನೊಂದು ಬರುವುದಿಲ್ಲ. ಈ ಅಹಿ ಪಾಂಕಾದ ಗುಣ ಕೇಳಿದರೆ ಬ್ಯಾಡಗಿಯವರ ಕಿವಿ ನೆಟ್ಟಗಾಗುತ್ತದೆ: ಬಣ್ಣ ಬಹಳ, ಖಾರ ಕಡಿಮೆ. ಅದನ್ನು ನೆನೆಸಿ, ಬೀಜ ತೆಗೆದು, ನುಣ್ಣಗೆ ಅರೆದು, ಈರುಳ್ಳಿ ಬೆಳ್ಳುಳ್ಳಿಯ ಜೊತೆ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿ, ಎಣ್ಣೆ ಕೆಂಪಾಗಿ ಬಿಟ್ಟುಕೊಂಡ ಮೇಲೆ ಉಳಿದ ಸಾಮಾನು ಹಾಕುತ್ತಾರೆ. ಕರಾವಳಿಯ ಅಡುಗೆಮನೆಗಳಲ್ಲಿ ಬ್ಯಾಡಗಿ ಮೆಣಸಿನಿಂದ ಮಸಾಲೆ ಮಾಡುವ ಕ್ರಮಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ? ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವೆರಡೂ ಬೇರೆ ಜಾತಿಯವು. ಅಡುಗೆಯ ಲೆಕ್ಕದಲ್ಲಿ ದೂರದ ದಾಯಾದಿಗಳು.

ಬ್ಯಾಡಗಿ ಕಾಯಿಯ ಬಣ್ಣಕ್ಕೂ ಖಾರಕ್ಕೂ ಕಾರಣವಾಗುವ ವಸ್ತುಗಳು ಬೇರೆಬೇರೆ. ಬಣ್ಣ ಕೊಡುವುದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಅದು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ತುಪ್ಪಗಳಲ್ಲಿ ಕರಗುತ್ತದೆ. ಒಗ್ಗರಣೆಯ ಎಣ್ಣೆ ಕೆಂಪಗಾಗುವುದೂ ತುಪ್ಪದಲ್ಲಿ ಹುರಿದ ಮಸಾಲೆ ಹೊಳೆಯುವುದೂ ಅದಕ್ಕಾಗಿಯೇ. ಖಾರ ಕೊಡುವ ಕ್ಯಾಪ್ಸೈಸಿನ್ ಇರುವುದು ಬೀಜದಲ್ಲಲ್ಲ, ಬೀಜಗಳನ್ನು ಹಿಡಿದಿರುವ ಬಿಳಿಯ ತಿರುಳಿನಲ್ಲಿ. ಹಕ್ಕಿಗಳಿಗೆ ಈ ಖಾರ ತಾಗುವುದೇ ಇಲ್ಲ. ಅವು ಹಣ್ಣು ನುಂಗಿ ಬೀಜವನ್ನು ದೂರ ಬಿತ್ತುತ್ತವೆ. ಬೀಜ ಜಗಿದು ಹಾಳುಮಾಡುವ ಇಲಿ ಹೆಗ್ಗಣಗಳು ಬಾಯಿ ಸುಟ್ಟುಕೊಂಡು ಓಡುತ್ತವೆ. ಖಾರ ನಾಲಗೆಯ ರುಚಿಯಲ್ಲ, ಶಾಖವನ್ನು ತಿಳಿಸುವ ನರಗಳು ಕೊಡುವ ಸುಳ್ಳು ಸುದ್ದಿ. ಕ್ಯಾಪ್ಸೈಸಿನ್ ಹಿಡಿದುಕೊಂಡೇ ಆ ನರಗಳ ಗುಟ್ಟನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಬ್ಯಾಡಗಿಯ ಪಿಯು ವಿದ್ಯಾರ್ಥಿಗೆ ಜೀವಶಾಸ್ತ್ರವೂ ರಸಾಯನಶಾಸ್ತ್ರವೂ ಪೇಟೆಯ ಚೀಲದಲ್ಲೇ ಇವೆ.

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಎರಡು ಬಗೆ. ಡಬ್ಬಿ ಗಿಡ್ಡಗೆ, ದುಂಡಗೆ ಇರುತ್ತದೆ. ಕಡ್ಡಿ ಉದ್ದ, ತೆಳ್ಳಗೆ. ಎರಡರ ಮೈಮೇಲೂ ಮುದುಕರ ಕೆನ್ನೆಯಂಥ ಸುಕ್ಕು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮನ್ನಣೆ, ಅಂದರೆ ಜಿಐ, ದೊರೆಯಿತು. ಇದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಗಟ್ಟಿ ಎಣ್ಣೆ ಆಹಾರ ಕಾರ್ಖಾನೆಗಳಿಗೂ ತುಟಿರಂಗಿನ ಕಾರ್ಖಾನೆಗಳಿಗೂ ಹೋಗುತ್ತದೆ. ಮಹಾನಗರದ ಹೋಟೆಲುಗಳಿಗಂತೂ ಇದು ಎಂದೋ ಹೋಗಿಯಾಗಿದೆ. ಕುಂದಾಪುರದ ಘೀ ರೋಸ್ಟ್‌ನ ಕೆಂಪು, ಕೋರಿ ಗಸಿಯ ಕೆಂಪು, ಮುಂಬೈಯ ಫೋರ್ಟ್ ಪ್ರದೇಶದಲ್ಲಿ ತುಳುನಾಡಿನವರು ನಡೆಸುವ ಮೀನೂಟದ ಮನೆಗಳ ಕೆಂಪು ಎಲ್ಲವೂ ಹಾವೇರಿ, ಧಾರವಾಡ, ಗದಗ ಸೀಮೆಯ ಹೊಲಗಳಿಂದ ಹೋದದ್ದು. ಗಿರಾಕಿ ಮಂಗಳೂರನ್ನು ಹೊಗಳುತ್ತಾನೆ, ಹೋಟೆಲಿನವನನ್ನು ಹೊಗಳುತ್ತಾನೆ. ಬ್ಯಾಡಗಿಯ ಹೆಸರು ಸಾಮಾನಿನ ಚೀಟಿಯ ಮೇಲೆ ಮಾತ್ರ.

ಗೋವಿನಜೋಳದ ಕಥೆ ಇನ್ನೂ ವಿಚಿತ್ರ. ರಾಜ್ಯದಲ್ಲಿ ಅತಿ ಹೆಚ್ಚು ಗೋವಿನಜೋಳ ಬೆಳೆಯುವ ಜಿಲ್ಲೆಗಳಲ್ಲಿ ಹಾವೇರಿ ಒಂದು. ಸುಗ್ಗಿಯಲ್ಲಿ ರಸ್ತೆಯ ಅರ್ಧ ಭಾಗವೇ ಕಣ. ಆದರೆ ಊಟದ ತಟ್ಟೆಯಲ್ಲಿ ಅದು ಕಾಣುವುದು ಅಪರೂಪ. ಎಲ್ಲ ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ವೆನೆಜುವೆಲ, ಕೊಲಂಬಿಯ ದೇಶಗಳಲ್ಲಿ ಇದೇ ಕಾಳಿನ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ಅಂಗೈಯಲ್ಲಿ ತಟ್ಟಿ, ಹೆಂಚಿನ ಮೇಲೆ ಬೇಯಿಸಿದ ದಪ್ಪ ರೊಟ್ಟಿಯೇ ಅರೆಪಾ. ಬೆಟ್ಟದ ಕಡೆ ಎಳೆಯ ತೆನೆಯ ಕಾಳು ರುಬ್ಬಿ, ತೆನೆಯ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ನೋಡಿದರೆ ಎಲೆಯ ಕಡುಬೇ ಸರಿ. ಲಿಮಾದಲ್ಲಿ ಸೆವಿಚೆಯ ಜೊತೆ ಹುರಿದ ಗೋವಿನಜೋಳದ ಕಾಳು ಇಟ್ಟುಕೊಡುತ್ತಾರೆ. ರೊಟ್ಟಿ ತಟ್ಟುವ ಕೈಗೆ ಅರೆಪಾ ಕಲಿಯಲು ಒಂದು ಮಧ್ಯಾಹ್ನ ಸಾಕು. ಬೆಂಗಳೂರಿನ ಹೋಟೆಲಿನಲ್ಲಿ ನಾಳೆ ಯಾವನೋ ಅದನ್ನು ದುಬಾರಿ ಬೆಲೆಗೆ ಮಾರಿದರೆ ಹಾವೇರಿಯವರು ಬೆರಗಾಗಬೇಕಾಗಿಲ್ಲ, ತುಸು ನಾಚಿಕೊಳ್ಳಬಹುದು.

ರಾಣೆಬೆನ್ನೂರಿನ ಕಡೆ ಹೋದರೆ ಬೇರೆಯದೇ ನೋಟ. ಹೊಲಗಳಲ್ಲಿ ಸಾಲುಸಾಲು ಬಲೆಯ ಮನೆಗಳು. ಒಳಗೆ ಟೊಮೆಟೊ, ಮೆಣಸಿನಕಾಯಿ, ದೊಣ್ಣೆಮೆಣಸು. ಈ ತಾಲೂಕು ತರಕಾರಿಗಳ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದದ್ದು. ಕರ್ನಾಟಕದಲ್ಲಿ ಈ ಉದ್ಯಮಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ 1965ರಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ ಕಟ್ಟಿದ ಮನಮೋಹನ ಅತ್ತಾವರ. ಕೆಲಸವೆಲ್ಲ ಕೈಯದು, ಅದರಲ್ಲೂ ಹೆಣ್ಣುಮಕ್ಕಳ ಕೈಯದು. ಟೊಮೆಟೊ ಮೊಗ್ಗು ಅರಳುವ ಹಿಂದಿನ ದಿನ ಚಿಮಟದಿಂದ ಅದರ ಕೇಸರ ಕಿತ್ತು, ಮರುದಿನ ಗಂಡುಸಾಲಿನ ಹೂವಿನ ಪರಾಗ ಮುಟ್ಟಿಸಿ, ಗುರುತಿಗೆ ಹೂವಿನ ಬುಡದ ಹಸಿರೆಸಳಿನ ತುದಿ ಕತ್ತರಿಸುತ್ತಾರೆ. ಒಂದು ಹೂವು ಹೀಗೆ, ಮತ್ತೊಂದು ಹೂವು ಹೀಗೆ, ಬೆಳಗಿನಿಂದ ಸಂಜೆಯ ತನಕ. ನಗರದ ಹೋಟೆಲಿನಲ್ಲಿ ಗುಂಡಗೆ ಕತ್ತರಿಸಿ ಇಟ್ಟ ಟೊಮೆಟೊ ಬಿಲ್ಲೆಯ ಹಿಂದೆ ಇಂಥ ಬೆರಳುಗಳಿರುತ್ತವೆ.

ಹೈಬ್ರಿಡ್ ಬೀಜವನ್ನು ರೈತ ಮನೆಯಲ್ಲಿ ಇಟ್ಟುಕೊಂಡು ಮರುವರ್ಷ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ, ಪ್ರತಿವರ್ಷ ಕೊಳ್ಳಬೇಕು. ಡಬ್ಬಿಯದು ಹಾಗಲ್ಲ. ಒಳ್ಳೆಯ ಗಿಡ ಆರಿಸಿ, ಅದರ ಕಾಯಿಯನ್ನು ಬೇರೆಯಾಗಿ ಒಣಗಿಸಿ, ಬೀಜವನ್ನು ಮನೆಯಲ್ಲೇ ಕಾಪಿಡುವುದು ರೂಢಿ. ಆದರೆ ಮೆಣಸಿನ ಹೂವಿಗೆ ಜೇನುಹುಳು ಬರುತ್ತದೆ. ಪಕ್ಕದ ಹೊಲದಲ್ಲಿ ಬೇರೆ ತಳಿಯಿದ್ದರೆ ಪರಾಗ ಬೆರೆಯುತ್ತದೆ. ಸುತ್ತಲೂ ಹೈಬ್ರಿಡ್ ಇದ್ದಲ್ಲಿ ಒಬ್ಬನೇ ಡಬ್ಬಿ ಬೀಜವನ್ನು ಶುದ್ಧವಾಗಿ ಉಳಿಸಿಕೊಳ್ಳಲಾರ. ಇಳುವರಿಯಲ್ಲಿ ಹೈಬ್ರಿಡ್ ಮುಂದು. ಎಲೆ ಮುದುಡುವ ರೋಗ ಹಿಂದಿನಿಂದಲೂ ಇದ್ದದ್ದೇ. 2021ರಿಂದ ಈಚೆಗೆ ಕಪ್ಪು ಥ್ರಿಪ್ಸ್ ನುಸಿಯೂ ಬಂದು ಹೂವನ್ನೇ ಉದುರಿಸಿತು. ಹಾವೇರಿ ಜಿಲ್ಲೆಯ ಎಷ್ಟೋ ರೈತರು ಮೆಣಸಿನಕಾಯಿ ಬಿಟ್ಟು ಗೋವಿನಜೋಳಕ್ಕೆ ತಿರುಗಿದರು. ಬ್ಯಾಡಗಿ ಪೇಟೆಗೆ ಬರುವ ಮಾಲಿನ ದೊಡ್ಡ ಪಾಲು ಈಗ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಅದರಲ್ಲಿ ಬಹಳಷ್ಟು ಬ್ಯಾಡಗಿ ಕಾಯಿಯಂತೆ ಕಾಣುವ ಹೈಬ್ರಿಡ್. ಬ್ಯಾಡಗಿ ಪೇಟೆ ಬೆಳೆದಿದೆ, ಬ್ಯಾಡಗಿ ಕಾಯಿ ಕುಗ್ಗಿದೆ.

2024ರ ಮಾರ್ಚ್ 11ರ ಸೋಮವಾರ ಈ ಪೇಟೆಯಲ್ಲಿ ನಡೆದದ್ದನ್ನು ಜಿಲ್ಲೆಯವರು ಮರೆತಿಲ್ಲ. ಹಿಂದಿನ ಒಳ್ಳೆಯ ದರ ನೋಡಿ ಎಲ್ಲ ಕಡೆ ಬಿತ್ತನೆ ಹೆಚ್ಚಿತ್ತು, ಮಾಲು ಒಮ್ಮೆಲೇ ನುಗ್ಗಿತು, ದರ ಕುಸಿಯಿತು. ದೂರದೂರದಿಂದ ಚೀಲ ಹೇರಿಕೊಂಡು ಬಂದಿದ್ದ ರೈತರ ಸಿಟ್ಟು ಎಪಿಎಂಸಿ ಕಚೇರಿಯ ಮೇಲೆ ತಿರುಗಿ, ಗಾಜು ಒಡೆದು, ವಾಹನಗಳಿಗೆ ಬೆಂಕಿ ಬಿದ್ದಿತು. ಬೆಂಕಿ ಹಚ್ಚಿದ್ದನ್ನು ಯಾರೂ ಸರಿಯೆನ್ನಲಾರರು. ಆದರೆ ವರ್ಷದ ದುಡಿಮೆಯ ಬೆಲೆ ಟೆಂಡರಿನ ಒಂದು ಅಂಕಿಯಲ್ಲಿ ತೀರ್ಮಾನವಾಗುವಾಗ, ಆ ಅಂಕಿ ಬರೆಯುವವನಿಗೆ ಡಬ್ಬಿಗೂ ಹೈಬ್ರಿಡ್ಡಿಗೂ ಇರುವ ರುಚಿಯ ವ್ಯತ್ಯಾಸ ಬೇಕಾಗಿಲ್ಲ. ಅವನು ಕೊಳ್ಳುವುದು ಬಣ್ಣದ ಅಳತೆಯನ್ನು, ತೂಕವನ್ನು. ರುಚಿಯ ವ್ಯತ್ಯಾಸ ಬೇಕಾಗುವುದು ಅಡುಗೆಯವನಿಗೆ. ಪೆರುವಿನಲ್ಲಿ ಅಕುರಿಯೊ ಮತ್ತು ಗೆಳೆಯರು ಮಾಡಿದ ದೊಡ್ಡ ಕೆಲಸ ಹೋಟೆಲು ತೆರೆದದ್ದಲ್ಲ. 2008ರಿಂದ ಲಿಮಾದಲ್ಲಿ ನಡೆಸಿದ 'ಮಿಸ್ತುರಾ' ಎಂಬ ಊಟದ ಜಾತ್ರೆಗೆ ಬೆಟ್ಟದ ಆಲೂಗಡ್ಡೆ ರೈತನನ್ನೂ ಬೀದಿಬದಿಯ ಅಡುಗೆಯವಳನ್ನೂ ಕರೆತಂದು ಹೆಸರಾಂತ ಷೆಫ್‌ಗಳ ಸರಿಸಮ ನಿಲ್ಲಿಸಿದ್ದು. ತಳಿಯ ಹೆಸರು ಹೇಳಿ ಕೇಳುವ ಗಿರಾಕಿಯನ್ನು ಅವರು ಹುಟ್ಟಿಸಿದರು. ಅಂಥ ಗಿರಾಕಿ ಸಿಕ್ಕರೆ ಡಬ್ಬಿ ಬೆಳೆಯುವವನಿಗೆ ಇಳುವರಿಯ ಕೊರತೆಯನ್ನು ಬೆಲೆ ತುಂಬಿಕೊಟ್ಟೀತು.

ಈ ಕೆಲಸ ಮಾಡಬಲ್ಲವರು ಯಾರು? ಕಾಯಿ ಮುರಿದು ಮೂಸಿ ನೋಡಿದರೆ ಊರು ಹೇಳುವ ಮನೆಯಲ್ಲಿ ಹುಟ್ಟಿದ ಹುಡುಗ ಹುಡುಗಿಯರು. ಆದರೆ ಪಿಯುಸಿ ಮುಗಿಸಿದ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಎಂಬ ಮಾತೆತ್ತಿದರೆ ಮನೆಯಲ್ಲಿ ಬರುವ ಉತ್ತರ ಗೊತ್ತಿರುವುದೇ: "ಅಡಗಿ ಮಾಡಾಕ ಮೂರು ವರ್ಷ ಕಲೀಬೇಕೇನೋ ತಮ್ಮಾ? ನಿಮ್ಮವ್ವ ಯಾವ ಕಾಲೇಜಿಗೆ ಹೋಗಿದ್ಲು?"

ಪ್ರಶ್ನೆಯಲ್ಲಿ ಹುರುಳಿದೆ. ಅವ್ವ ಯಾವ ಕಾಲೇಜಿಗೂ ಹೋಗಲಿಲ್ಲ, ಆದರೂ ಕಾಲೇಜಿನವರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು. ಪೆರುವಿನ ಅರೆಕಿಪಾ ನಗರದಲ್ಲಿ ಹೆಣ್ಣುಮಕ್ಕಳು ನಡೆಸುವ 'ಪಿಕಾಂತೆರಿಯ' ಎಂಬ ಖಾನಾವಳಿಗಳನ್ನು ಅಲ್ಲಿಯ ಷೆಫ್‌ಗಳು ಗುರುಗಳ ಮನೆಯೆಂದೇ ತಿಳಿಯುತ್ತಾರೆ. ಆದರೆ ಅವ್ವನ ತಿಳಿವಳಿಕೆಯೊಂದೇ ನಗರದ ಅಡುಗೆಮನೆಗೆ ಸಾಲದು. ಇನ್ನೂರು ಜನರಿಗೆ ಒಂದೇ ರುಚಿ ಬರಬೇಕು, ಸಾಮಾನು ಹಾಳಾಗಬಾರದು, ಲೆಕ್ಕ ತಪ್ಪಬಾರದು, ಶುಚಿ ಕೆಡಬಾರದು. ಅದಕ್ಕೆ ಓದು ಬೇಕು. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಎಸ್.ಜೆ. ಪಾಲಿಟೆಕ್ನಿಕ್ ಆವರಣದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ಇಂಥ ಸಂಸ್ಥೆಗಳ ಪ್ರವೇಶಕ್ಕೆ ರಾಷ್ಟ್ರಮಟ್ಟದ ಪರೀಕ್ಷೆಯುಂಟು. ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದಲ್ಲಿ ಪಿಯುಸಿ ಮುಗಿಸಿದವರೂ ಬರೆಯಬಹುದು, ಇಂಗ್ಲಿಷ್ ವಿಷಯ ಇರಬೇಕು. ಅಡುಗೆಗಿಂತ ಬೆಳೆಯ ಕಡೆ ಮನಸ್ಸಿದ್ದವರಿಗೆ ರಾಣೆಬೆನ್ನೂರಿನ ಹತ್ತಿರದ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯ ಹತ್ತಿರದ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಬಸ್ಸಿನ ದೂರದಲ್ಲಿವೆ.

ಪಾಲಕರ ಅಂಜಿಕೆಯನ್ನೂ ಹಗುರವಾಗಿ ಕಾಣಬಾರದು. ಹೋಟೆಲಿನ ಅಡುಗೆಮನೆ ಬೆವರಿನ ಜಾಗ. ಮೊದಲ ವರ್ಷಗಳಲ್ಲಿ ದುಡಿಮೆ ದಿನಕ್ಕೆ ಹತ್ತು ಹನ್ನೆರಡು ತಾಸು, ಸಂಬಳ ಕಡಿಮೆ, ಹಬ್ಬಹುಣ್ಣಿಮೆಗೆ ರಜೆಯಿಲ್ಲ. 2020ರ ಕೊರೋನಾ ಕಾಲದಲ್ಲಿ ಮೊದಲು ಬಾಗಿಲು ಹಾಕಿದ ಉದ್ಯೋಗಗಳಲ್ಲಿ ಇದೂ ಒಂದು. ಅಕುರಿಯೊ ಅವರಿಗೆ ಹಿಂದೆ ನಿಲ್ಲುವ ಉಳ್ಳವರ ಮನೆಯಿತ್ತು. ಎಲ್ಲರಿಗೂ ಅದಿರುವುದಿಲ್ಲ ಎಂಬುದು ಅವರಿಗೂ ಗೊತ್ತಿದ್ದಿರಬೇಕು. 2007ರಲ್ಲಿ ಲಿಮಾದ ಹೊರವಲಯದ ಪಚಾಕುಟೆಕ್ ಎಂಬ ಬಡ ಬಡಾವಣೆಯಲ್ಲಿ, ನೀರಿಗೂ ತತ್ವಾರವಿದ್ದ ಮರಳುದಿಣ್ಣೆಗಳ ಮೇಲೆ, ಶುಲ್ಕ ಕೊಡಲಾರದ ಮನೆಗಳ ಮಕ್ಕಳಿಗೆಂದು ಒಂದು ಅಡುಗೆ ಶಾಲೆ ಶುರುವಾಗಲು ಅವರು ಕಾರಣರಾದರು. ಅಲ್ಲಿ ಕಲಿತವರು ದೊಡ್ಡ ದೊಡ್ಡ ನಗರಗಳ ಅಡುಗೆಮನೆ ಸೇರಿದರು. ಹಾವೇರಿಯಲ್ಲಿ ಅಂಥದೊಂದು ಶಾಲೆಗೆ ಬೇಕಾದ ಸಾಮಾನೆಲ್ಲ ಇದೆ: ಕಾಯಿ, ಕಾಳು, ಕಲಿಸುವ ಕೈ. ಇನ್ನೂ ಯಾರೂ ಕಟ್ಟಿಲ್ಲ, ಅಷ್ಟೇ.

ಬ್ಯಾಡಗಿ ಪೇಟೆ ತುಂಬಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ವ್ಯಾಪಾರ ಸೋಮವಾರ ಮತ್ತು ಗುರುವಾರ. ಪರೀಕ್ಷೆ ಮುಗಿದ ಮಕ್ಕಳನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಬಹುದು. ರಾಣೆಬೆನ್ನೂರು, ಹಾವೇರಿ ಎರಡೂ ಕಡೆಯಿಂದ ರೈಲಿದೆ. ಬಸ್ಸಿನಲ್ಲಿ ಬಂದರೆ ಹೆದ್ದಾರಿಯ ಮೋಟೆಬೆನ್ನೂರಿನಲ್ಲಿ ತಿರುಗಬೇಕು. ಚೀಲದ ಬಾಯಿ ಬಿಚ್ಚಿದ ಕಡೆ ನಿಂತು ಇದು ಯಾವ ಊರಿನ ಕಾಯಿ, ಡಬ್ಬಿಯೋ ಕಡ್ಡಿಯೋ ಹೈಬ್ರಿಡ್ಡೋ ಎಂದು ಕೇಳಿದರೆ ರೈತರು ಬಿಡುವಿದ್ದಾಗ ಹೇಳುತ್ತಾರೆ, ಮುರಿದು ತೋರಿಸುತ್ತಾರೆ. ಮೂಗಿಗೆ ಕಟ್ಟಿಕೊಳ್ಳಲು ಒಂದು ವಸ್ತ್ರ ಜೊತೆಗಿರಲಿ.